ಹುಕುಂ ಹೇಳದ ಟೇಪು

ಆಂಪ್ಲಿಫೈಯರಿನ ವಾಲ್ವುಗಳು ಬಿಸಿಯಾಗುವವರೆಗೂ ಮೈಕಿನ ಮುಂದೆ ಬಾಯಿ ತೆರೆಯಬಾರದು. ಆ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಅದು. ಗಾಜಿನೊಳಗೆ ಕೆಂಪು ಎಳೆ ಹೊತ್ತಿಕೊಂಡ ಮೇಲೆ ವ್ಯಾನಿನ ಡ್ರೈವರ್ ನನ್ನ ಕಡೆ ತಿರುಗಿ ತಲೆ ಆಡಿಸುತ್ತಿದ್ದ. ಅದಕ್ಕೂ ಮುಂಚೆ ಮಾತಾಡಿದರೆ ಮೊದಲ ಕೆಲವು ಶಬ್ದಗಳು ಹಾರ್ನಿನವರೆಗೆ ಹೋಗುವುದೇ ಇಲ್ಲ. ಕೊನೆಯ ಶಬ್ದದ ವಿಷಯ ಮಾತ್ರ ನನಗೆ ಹೊಸದಾಗಿ ಯಾರೂ ಕಲಿಸಬೇಕಾಗಿರಲಿಲ್ಲ. ಕೊಲ್ಹಾಪುರದ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಲಿಸುತ್ತಿದ್ದ ಮದರ್ ಪ್ರತಿಯೊಬ್ಬ ಹುಡುಗಿಗೂ ಹೇಳುತ್ತಿದ್ದರು: ‘ಚೈಲ್ಡ್, ಡೋಂಟ್ ಸ್ವಾಲೋ ಯುವರ್ ಲಾಸ್ಟ್ ವರ್ಡ್.’

ಚೀನಾದ ಜೊತೆ ಯುದ್ಧ ಶುರುವಾಗಿ ದೇಶಕ್ಕೆಲ್ಲ ಎಮರ್ಜೆನ್ಸಿ ಬಂದ ಹೊಸತು. ಜನರಿಗೆ ಸರಕಾರದ ಮಾತು ಮುಟ್ಟಿಸಲು ಕೊಲ್ಹಾಪುರದಿಂದ ಒಂದು ಪ್ರಚಾರದ ವ್ಯಾನು ಹೊರಡುತ್ತಿತ್ತು. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ದುಡಿಯುವವರು ಬಹಳಷ್ಟು ಮಂದಿ ನಮ್ಮ ಕಡೆಯಿಂದ ಹೋದವರು, ಗಡಹಿಂಗ್ಲಜದ ಸುತ್ತಿನ ಹಳ್ಳಿಗಳಲ್ಲಂತೂ ಒಲೆಯ ಮುಂದಿನ ಮಾತೇ ಕನ್ನಡ. ಹಾಗಾಗಿ ವ್ಯಾನಿಗೆ ಒಬ್ಬ ಕನ್ನಡ ಅನೌನ್ಸರ್ ಬೇಕಾಗಿದ್ದಳು. ಗಡಹಿಂಗ್ಲಜದಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟುಕೊಂಡಿದ್ದ ಅಪ್ಪ, ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಮಗಳನ್ನು ಹೇಗೆ ಕಳಿಸಲಿ ಎಂದು ಎರಡು ದಿನ ಯೋಚಿಸಿ, ದೇಶದ ಕೆಲಸ ಅಲ್ಲವೇ ಎಂದು ಒಪ್ಪಿದರು.

ನನ್ನನ್ನು ಆರಿಸಿದ ಪ್ರಚಾರದ ಸಾಹೇಬರು ಚಿಕ್ಕೋಡಿ ಕಡೆಯವರು. ಇಸ್ತ್ರಿ ಮಾಡಿದ ಬುಷ್ ಶರ್ಟು, ಮೆಲು ಮಾತು. ನಾನು ಇಂಟರ್‌ವ್ಯೂಗೆಂದು ಇಂಗ್ಲಿಷ್ ಪ್ಯಾಸೇಜು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ನಕ್ಕರು.

‘ತಂಗಿ, ಆ ಇಂಗ್ಲಿಷ್ ಬಾಜೂಕ ಇಡು. ಮನ್ಯಾಗ ನಿಮ್ಮವ್ವನ ಜೋಡಿ ಹೆಂಗ ಜಗಳಾಡ್ತಿ, ಹಂಗ ನಾಕು ಮಾತು ಆಡು ನೋಡೋಣು.’

ಮರಾಠಿ ಕಚೇರಿಯಲ್ಲಿ ಒಬ್ಬ ಮೇಲಧಿಕಾರಿ ನನ್ನನ್ನು ತಂಗಿ ಎಂದರು. ಆ ಒಂದು ಶಬ್ದಕ್ಕೆ ನಾನು ಸೋತುಹೋದೆ.

ಇಚಲಕರಂಜಿಯ ಮೊದಲ ದಿನ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಗ್ಗಗಳು ಓಡುವಾಗ ಅಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ, ಹಾಗಾಗಿ ಪಾಳಿ ಬದಲಾಗುವ ಹೊತ್ತಿಗೇ ಕೂಗಬೇಕು. ಶೆಡ್ಡಿನ ತಗಡಿಗೆ ಬಡಿದು ದನಿ ಹಿಂದಕ್ಕೆ ಬರುತ್ತದೆ, ನಾಲ್ಕೈದು ಶಬ್ದಕ್ಕೊಮ್ಮೆ ನಿಲ್ಲಬೇಕು. ಇದ್ಯಾವುದೂ ಗೊತ್ತಿಲ್ಲದ ನಾನು, ಮರಾಠಿಯಲ್ಲಿ ಕೊಟ್ಟ ಮಜಕೂರನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಂದು ಒಂದೇ ಉಸಿರಿನಲ್ಲಿ ಓದಿದೆ. ಯೋಧರಿಗಾಗಿ ರಕ್ತದಾನ ಮಾಡಬೇಕು, ವದಂತಿಗಳಿಗೆ ಕಿವಿಗೊಡಬಾರದು, ಇತ್ಯಾದಿ. ಜನ ನಿಂತು ಕೇಳಿದರು. ಮುಗಿದ ಮೇಲೂ ನಿಂತೇ ಇದ್ದರು. ಇನ್ನೂ ಏನೋ ಬರಬೇಕು ಎನ್ನುವ ಹಾಗೆ.

ತಲೆಯಲ್ಲೆಲ್ಲ ಹತ್ತಿಯ ಧೂಳು ಕೂತ ಒಬ್ಬ ಹೆಂಗಸು ವ್ಯಾನಿನ ಹತ್ತಿರ ಬಂದಳು. ನೂಲನ್ನು ಕಂಡಿಕೆಗೆ ಸುತ್ತುವ ಕೆಲಸದವಳು.

‘ಯಾರ ಹುಕುಂ ಐತ್ರಿ ಬಾಯಾರ ಇದು?’

‘ಸರಕಾರದ್ದು,’ ಎಂದೆ.

‘ಸರಕಾರ ಅಂದ್ರ ಯಾರ್ರಿ? ಅವರಿಗೆ ಹೆಸರಿಲ್ಲೇನ್ರಿ?’

ಹಿಂದೆ ನಿಂತಿದ್ದ ಅವಳ ಗಂಡ ಬಾಯಿ ಹಾಕಿದ. ‘ಬಿಡ ಮಾರಾಯ್ತಿ. ಪಾದ್ರಿ ಓದಿಧಾಂಗ ಓದ್ಯಾರ. ಮುಂದಿನ ಐತವಾರ ಮತ್ತ ಬರತಾರ, ಆಮೆನ್ ಅಂದರಾತು.’

ಎಲ್ಲರೂ ನಕ್ಕರು. ಡ್ರೈವರ್ ಕೂಡ ಸ್ಟಿಯರಿಂಗಿನ ಮೇಲೆ ಬಗ್ಗಿ ನಕ್ಕ.

ಆದರೆ ಅವಳ ಪ್ರಶ್ನೆ ನನಗೆ ತಿಳಿಯದ್ದೇನಲ್ಲ. ಗಡಹಿಂಗ್ಲಜದಲ್ಲಿ ನಾನು ದವಂಡಿ ಕೇಳಿಕೊಂಡೇ ಬೆಳೆದವಳು. ಹಲಗಿ ಬಾರಿಸುತ್ತ ಓಣಿ ಓಣಿ ಸುತ್ತಿ ಡಂಗುರ ಹೊಡೆಯುವವನು ಸುದ್ದಿ ಏನೇ ಇರಲಿ, ಕೊನೆಗೆ ‘ಮಾಮಲೇದಾರ ಸಾಹೇಬರ ಹುಕುಂ ಐತ್ರೆಪೋ’ ಎಂದೋ ‘ಪಾಟೀಲರ ಹುಕುಂ ಐತ್ರೆಪೋ’ ಎಂದೋ ಕೂಗಿ ಹಲಗಿಗೆ ಮತ್ತೆ ಪೆಟ್ಟು ಹಾಕುವವರೆಗೆ ಯಾರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹುಕುಂ ಯಾರದೆಂದು ಹೇಳದ ದವಂಡಿ ನಮ್ಮ ಕಡೆ ದವಂಡಿಯೇ ಅಲ್ಲ. ಅದು ಬರೀ ಗದ್ದಲ. ಜನ ಕಾಯುತ್ತ ನಿಂತದ್ದು ಆ ಕೊನೆಯ ಸಾಲಿಗೆ.

ಮಾರನೆಯ ದಿನದಿಂದ ನಾನು ಕನ್ನಡವನ್ನೂ ಬದಲಿಸಿದೆ, ಕೊನೆಗೆ ಆ ಸಾಲನ್ನೂ ಸೇರಿಸಿದೆ. ಯಾವ ಆರ್ಡರು ಯಾವ ಸಾಹೇಬರದೋ ಅವರ ಹೆಸರು, ಹುದ್ದೆ, ಎರಡೂ. ಪ್ರಚಾರದ ಸಾಹೇಬರಿಗೆ ಇದು ಮೊದಲಿಗೆ ಹಳೆಯ ಕಾಲದ ಚಾಳಿ ಎನಿಸಿತು. ಜನ ಕೇಳುತ್ತಿದ್ದಾರೆಂದು ಕಂಡಮೇಲೆ, ‘ವೆರಿ ಗುಡ್ ತಂಗಿ, ದವಂಡಿ ವಿತ್ ಮೈಕ್ರೋಫೋನ್’ ಎಂದು ಬೆನ್ನು ತಟ್ಟಿದರು. ಓಣಿಯಲ್ಲಿ ನಾನು ಮೈಕಿನ ಅಕ್ಕಾರು ಆದೆ. ಕಂಡಿಕೆಯ ಹೆಂಗಸು ನನಗೆ ಚಿಕ್ಕವ್ವನ ಹಾಗೆ ಕಾಕೂ ಆದಳು, ಅವಳ ಗಂಡ ಕಾಕಾ. ಪಾಳಿ ಬದಲಾಗುವ ತನಕ ವ್ಯಾನು ಅವರ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಕಾಕೂ ಹಿತ್ತಾಳೆಯ ಬಟ್ಟಲಿನಲ್ಲಿ ಬೆಲ್ಲದ ಚಹಾ ಕೊಡುತ್ತಿದ್ದಳು. ‘ನಿಮ್ಮಪ್ಪನ ಅಡತ್ಯಾಗಿಂದ ಬಂದದ್ದ ಇದ್ದೀತು, ಕುಡೀರಿ,’ ಎನ್ನುವಳು.

ಆ ದಿನಗಳಲ್ಲಿ ಕಾಗಲದ ಹೈವೇ ಮೇಲೆ ಮಿಲಿಟರಿ ಲಾರಿಗಳ ಸಾಲು ಹಗಲೂ ರಾತ್ರಿಯೂ ಹೋಗುತ್ತಿತ್ತು. ಅದನ್ನು ಕಂಡು ಬಂದವರು ಒಂದಕ್ಕೆರಡು ಹೇಳುತ್ತಿದ್ದರು. ಮಿಲಿಟರಿ ರಾಜ್ಯ ಬರುತ್ತದಂತೆ, ಸಂಜೆಯ ಮೇಲೆ ಹೊರಗೆ ಕಂಡವರಿಗೆ ಗುಂಡು ಹಾಕುತ್ತಾರಂತೆ. ವದಂತಿ ಎಂದು ನಗುವ ಹಾಗಿರಲಿಲ್ಲ, ಏಕೆಂದರೆ ಕಾಕಾ ಸೊಲ್ಲಾಪುರದವನು. ಬ್ರಿಟಿಷರು ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಹಾಕಿದಾಗ ಅವನು ಚಿಕ್ಕವನಿದ್ದನಂತೆ.

‘ಗಾಂಧಿ ಟೊಪಿಗಿ ಕಂಡರ ಹೊಡೀತಿದ್ರು,’ ಎಂದ ಒಂದು ದಿನ. ‘ನಮ್ಮಪ್ಪ ಟೊಪಿಗಿ ತಗದು ಬಗಲಾಗ ಇಟಗೊಂಡು ನಡದಾ. ಮಿಲ್ಲಿನ ತನಕಾ ಬಗಲ ಬಿಚ್ಚಲಿಲ್ಲ. ಆಮ್ಯಾಲ ಯಾವಾಗ ಟೊಪಿಗಿ ಹಾಕ್ಕೊಂಡ್ರೂ ಒಂದ ಕಡೆ ಚಪ್ಪಟ.’

‘ಈಗ ಹಂಗ ಆಗೂದಿಲ್ಲ ಕಾಕಾ. ಈಗ ನಮ್ಮ ಸರಕಾರ ಐತಿ.’

‘ಅದ ನೋಡ್ರಿ ತ್ರಾಸ ಆಗಿದ್ದು. ಆವಾಗ ಗೋರಾ ಸಾಹೇಬ ಅಂತ ಬೈತಿದ್ವಿ. ಈಗ ಯಾರನ್ನ ಬೈಯೂದು?’

ಅವನ ಮಾತಿಗೆ ಕಾರಣವಿತ್ತು. ಸೈನ್ಯಕ್ಕೆ ಬಟ್ಟೆ ನೇಯಬೇಕೆಂದು ಶೆಡ್ಡುಗಳಲ್ಲಿ ಒಬ್ಬನಿಗೆ ಎರಡರ ಬದಲು ನಾಲ್ಕು ಮಗ್ಗ ಒಪ್ಪಿಸಿದ್ದರು. ನೂಲು ಹರಿದರೆ ಓಡಬೇಕು, ಅಲ್ಲಿ ಕಟ್ಟುವಷ್ಟರಲ್ಲಿ ಇಲ್ಲಿ ಹರಿಯುತ್ತದೆ. ಆಗುವುದಿಲ್ಲ ಎಂದವರಿಗೆ ಮಾಲೀಕರು ಹೇಳುತ್ತಿದ್ದದ್ದು ಮೂರಕ್ಷರ: ಡಿ.ಐ.ಆರ್. ಡಿಫೆನ್ಸ್ ಆಫ್ ಇಂಡಿಯಾ ರೂಲ್ಸು. ಆ ರೂಲಿನಲ್ಲಿ ಒಯ್ದರೆ ಕೋರ್ಟಿಲ್ಲ, ಜಾಮೀನಿಲ್ಲ. ಗಡಿಯಲ್ಲಿನ ಶತ್ರುವಿಗೆಂದು ಮಾಡಿದ ಕಾಯ್ದೆ ಮಗ್ಗದ ಶೆಡ್ಡಿಗೆ ಹೇಗೆ ಬಂತೆಂದು ನಾನು ಒಮ್ಮೆ ಪ್ರಚಾರದ ಸಾಹೇಬರನ್ನು ಕೇಳಿದೆ. ‘ಯುದ್ಧ ಮುಗೀಲಿ, ಎಲ್ಲಾ ಹೋಗತೈತಿ ತಂಗಿ. ಇಟ್ ಈಸ್ ಟೆಂಪರರಿ,’ ಎಂದರು. ನನ್ನ ನೌಕರಿಯೂ ಟೆಂಪರರಿಯೇ ಆಗಿತ್ತು. ಆ ಶಬ್ದದ ಮೇಲೆ ನನಗೆ ನಂಬಿಕೆ ಇತ್ತು.

ಕಚೇರಿಗೆ ಜರ್ಮನ್ ಟೇಪ್ ರೆಕಾರ್ಡರ್ ಬಂದದ್ದು ಅದೇ ಸುಮಾರಿಗೆ. ಹಿಂದಿನ ಕೋಣೆಯ ಗೋಡೆಗೆಲ್ಲ ಕೌದಿ ಕಟ್ಟಿ, ಫ್ಯಾನು ನಿಲ್ಲಿಸಿ ರೆಕಾರ್ಡ್ ಮಾಡುತ್ತಿದ್ದೆವು. ತಪ್ಪಿದರೆ ಸಾಹೇಬರೇ ಬ್ಲೇಡಿನಿಂದ ಟೇಪನ್ನು ಓರೆಯಾಗಿ ಕತ್ತರಿಸಿ, ಬೇಡದ್ದನ್ನು ತೆಗೆದು, ಎರಡು ತುದಿ ಸೇರಿಸಿ ಅಂಟಿಸುತ್ತಿದ್ದರು. ಜೋಡಿಸಿದ್ದು ಕಿವಿಗೆ ಗೊತ್ತೇ ಆಗುತ್ತಿರಲಿಲ್ಲ. ಎಷ್ಟು ಚಂದದ ಕೈ ಎಂದು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ದೀಪ ಆರಿಸುವ ಬ್ಲ್ಯಾಕ್‌ಔಟ್ ಸೂಚನೆಯನ್ನು ಮೊದಲು ರೆಕಾರ್ಡ್ ಮಾಡಿದೆವು. ಆಮೇಲೆ ಒಂದು ದಿನ ಅವರು ಹೊಸ ಮಜಕೂರು ಮುಂದಿಟ್ಟರು.

ಮಾರ್ಷಲ್ ಲಾ ಬಂದಿಲ್ಲ, ಬರುವುದೂ ಇಲ್ಲ. ಮಗ್ಗದವರು ತಮ್ಮ ಅಡಚಣಿ ಹೇಳಿಕೊಳ್ಳಲು ಶನಿವಾರ ಪಾಳಿ ಬಿಟ್ಟ ಮೇಲೆ ಶಾಲೆಯ ಮೈದಾನಕ್ಕೆ ಬರಬೇಕು. ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಮಾತಾಡಬೇಕು. ಮಾತಾಡಿದವರನ್ನು ಯಾರೂ ಮುಟ್ಟುವುದಿಲ್ಲ.

‘ಮುಟ್ಟೂದಿಲ್ಲ ಅಂತ ಯಾರು ಹೇಳ್ಯಾರ್ರಿ?’ ಎಂದು ಕೇಳಿದೆ. ‘ನಾ ಕೊನೀಗೆ ಹುಕುಂ ಹೇಳಬೇಕಲ್ರಿ.’

ಅವರು ಸಿಟ್ಟಾಗಲಿಲ್ಲ. ಟೆಲಿಫೋನು ತಿರುಗಿಸಿ ಮೇಲಿನ ದೊಡ್ಡ ಸಾಹೇಬರೊಬ್ಬರ ಜೊತೆ ಮಾತಾಡಿ ರಿಸೀವರನ್ನು ನನ್ನ ಕೈಗೇ ಕೊಟ್ಟರು. ಆ ಕಡೆಯಿಂದ ದಪ್ಪ ದನಿಯೊಂದು ಮರಾಠಿಯಲ್ಲಿ ಹೇಳಿತು: ‘ಕುಣಾಲಾಹೀ ಹಾತ್ ಲಾವಣಾರ್ ನಾಹೀ, ಬಾಯೀ.’ ಯಾರ ಮೇಲೂ ಕೈ ಹಾಕುವುದಿಲ್ಲ. ನಾನು ಥ್ಯಾಂಕ್ಯೂ ಸರ್ ಎಂದೆ. ಆಮೇಲೆ ಮೈಕಿನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ನನ್ನದೇ ಆಗಿ ‘ಅಂಜಬ್ಯಾಡ್ರಿ’ ಎಂದೂ ಸೇರಿಸಿದೆ. ಕೊನೆಗೆ ದೊಡ್ಡ ಸಾಹೇಬರ ಹೆಸರು, ಹುದ್ದೆ ಹೇಳಿ, ‘ಇವರ ಹುಕುಂ ಐತ್ರೆಪೋ’ ಎಂದು ನಿಲ್ಲಿಸಿದೆ. ಒಂದೇ ಟೇಕ್. ಸಾಹೇಬರು ಹೆಬ್ಬೆರಳು ಎತ್ತಿದರು.

ಅಂದೇ ಮಧ್ಯಾಹ್ನ ಇಚಲಕರಂಜಿಗೆ ಹೋದಾಗ ಕಾಕಾನಿಗೆ ಹೇಳಿದೆ.

‘ಇದು ನೀವ ಹೇಳಾಕತ್ತೀರೋ, ಅವರ ಹೇಳಾಕತ್ತಾರೋ?’ ಎಂದ.

‘ಅವರ ಹೇಳ್ಯಾರ ಕಾಕಾ. ನನ್ನ ಕಿವೀಲೆ ಕೇಳೇನಿ. ಟೇಪಿನ್ಯಾಗ ಕೊನೀಗೆ ಅವರ ಹೆಸರ ಐತಿ, ಕೇಳ್ರಿ.’

‘ಹೆಸರ ಬಂದ್ರ ನಾವೂ ಬರತೇವು.’

ಕಾಕೂ ನೂಲಿನ ತುದಿ ಹುಡುಕುತ್ತ ಕೂತಿದ್ದಳು.

ಶುಕ್ರವಾರ ಪ್ರಚಾರದ ಸಾಹೇಬರು ನನಗೆ ರಜೆಯಂಥ ಒಂದು ಕೆಲಸ ಕೊಟ್ಟರು. ಊರಿಗೆ ಹೋಗಿ ಅಪ್ಪ-ಅವ್ವನನ್ನು ನೋಡು, ಶನಿವಾರ ನೇಸರಿಯಲ್ಲಿ ಹೆಂಗಸರ ಸಭೆಯಲ್ಲಿ ಮಾತಾಡು, ವ್ಯಾನಿನಲ್ಲಿ ನೀನು ಬೇಕಾಗಿಲ್ಲ, ಟೇಪು ಇದೆಯಲ್ಲ ಎಂದರು. ಖುಷಿಯಾಗಿ ಹೋದೆ. ಶನಿವಾರ ಬೆಳಿಗ್ಗೆ ಎಸ್.ಟಿ. ಬಸ್ಸಿನಿಂದ ನೇಸರಿಯಲ್ಲಿ ಇಳಿದರೆ ಶಾಲೆಯ ಬಾಗಿಲಿಗೆ ಬೀಗ. ಹೆಡ್ ಮಾಸ್ತರರನ್ನು ಮನೆಯಲ್ಲಿ ಹುಡುಕಿ ಹಿಡಿದೆ. ಅವರು ಎಮ್ಮೆಗೆ ಕಬ್ಬಿನ ವಾಡೆ ಹಾಕುತ್ತಿದ್ದರು.

‘ಸಭಾ? ನಮಗ ಯಾರೂ ಏನೂ ಹೇಳಿಲ್ಲವ್ವಾ,’ ಎಂದರು. ‘ಕಬ್ಬ ಕಡಿಯೂ ದಿವಸದಾಗ ಸಭಾಕ್ಕ ಯಾವ ಹೆಂಗಸು ಬರತಾಳ?’

ಅವರು ಕೊಟ್ಟ ನೀರಿನ ತಂಬಿಗೆಯನ್ನು ಅರ್ಧಕ್ಕೇ ಕಟ್ಟೆಯ ಮೇಲಿಟ್ಟು ಎದ್ದೆ. ಸಾಹೇಬರು ಮರೆಯುವ ಮನುಷ್ಯರಲ್ಲ. ಗಡಹಿಂಗ್ಲಜದಲ್ಲಿ ಮನೆಗೂ ಹೋಗದೆ ಮುಂದಿನ ಬಸ್ಸು ಹಿಡಿದೆ, ಕಾಗಲದಲ್ಲಿ ಇಳಿದು ಇಚಲಕರಂಜಿಯ ಬಸ್ಸು ಹತ್ತಿದೆ.

ಸ್ಟ್ಯಾಂಡಿನಲ್ಲಿ ಕಾಲಿಡುವಾಗಲೇ ನನ್ನ ದನಿ ಕೇಳಿತು. ನಾಲ್ಕು ಓಣಿ ಆಚೆಯಿಂದ, ತಗಡಿಗೆ ಬಡಿದು, ನನ್ನ ಕಡೆಗೇ ಬರುತ್ತಿತ್ತು. ‘ಬಿಚ್ಚಿ ಮಾತಾಡ್ರಿ. ಯಾರೂ ಮುಟ್ಟೂದಿಲ್ಲ. ಅಂಜಬ್ಯಾಡ್ರಿ.’ ಮುಂದಿನ ಸಾಲಿಗೆ ಕಾದೆ. ಕರ್ ಎಂದು ಸದ್ದಾಯಿತು, ಮತ್ತೆ ‘ಕೇಳ್ರಿ, ಕೇಳ್ರಿ’ ಎಂದು ಮೊದಲಿನಿಂದ ಶುರುವಾಯಿತು. ಹುಕುಂ ಇರಲಿಲ್ಲ. ಇನ್ನೊಂದು ಸಲ ಕಾದೆ. ಆಗಲೂ ಇರಲಿಲ್ಲ.

ಮೈದಾನದ ಕಡೆ ಓಡುವಾಗ ಎದುರಿಗೆ ಪೊಲೀಸ್ ಲಾರಿ ಬಂತು. ನಾನು ಗೋಡೆಗೆ ಒತ್ತಿ ನಿಂತೆ. ಜಾಳಿಗೆಯ ಹಿಂದೆ ಮಗ್ಗದವರು ಕಿಕ್ಕಿರಿದು ನಿಂತಿದ್ದರು, ಅವರ ನಡುವೆ ಕಾಕಾ ಇದ್ದ. ಅವನ ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಅದನ್ನು ಬಗಲಲ್ಲಿ ಒತ್ತಿ ಹಿಡಿದಿದ್ದ. ಲಾರಿ ಮುಂದೆ ಹೋಯಿತು. ವ್ಯಾನಿಗೆ ನಿಲ್ಲಿಸೆಂದು ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ, ನನ್ನ ದನಿ ಇನ್ನೂ ಅವರನ್ನು ಮೈದಾನಕ್ಕೆ ಕರೆಯುತ್ತಲೇ ಇತ್ತು.

ಕಾಕೂ ಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

‘ಹೆಸರ ಬರಲಿಲ್ಲ,’ ಎಂದಳು. ‘ನಾ ಹೋಗಬ್ಯಾಡ್ರಿ ಅಂದೆ. ಹೆಸರ ಐತಂತ ಹುಡುಗಿ ಹೇಳ್ಯಾಳಲ್ಲ, ಮಶೀನ ಕೆಟ್ಟಿರಬೇಕು ಅಂದ್ರು. ನಿನ್ನ ಧ್ವನಿ ಗುರತ ಹಿಡದು ಎಲ್ಲಾರಕಿಂತ ಮೊದಲ ಎದ್ದು ಹೋದ್ರು.’

ಅಲ್ಲಿಯವರೆಗೆ ಅವಳು ನನಗೆ ನೀವು ಎನ್ನುತ್ತಿದ್ದಳು.

ಕೊಲ್ಹಾಪುರಕ್ಕೆ ಹೋದಾಗ ಪ್ರಚಾರದ ಸಾಹೇಬರು ಕಚೇರಿಯ ಹಿಂದಿನ ಕೋಣೆಯಲ್ಲೇ ಇದ್ದರು. ಟೇಪಿನ ಕೊನೆ ಎಲ್ಲಿ ಹೋಯಿತು ಎಂದು ಕೇಳಿದೆ. ಉದ್ದವಾಗಿತ್ತು, ಕತ್ತರಿಸಿದೆ ಎಂದರು.

‘ಮುಟ್ಟೂದಿಲ್ಲ ಅಂತ ಮಾತು ಕೊಟ್ಟಿದ್ರಲ್ರಿ.’

‘ಯಾರು ಕೊಟ್ಟಿದ್ರು?’ ಅವರು ನನ್ನ ಮುಖ ನೋಡಲಿಲ್ಲ. ‘ಆರ್ಡರ್ ಎಲ್ಲೈತಿ ತಂಗಿ? ಸಹಿ ಎಲ್ಲೈತಿ? ಟೇಪ್ ಹಚ್ಚಿ ಕೇಳು. ಮಾತು ಕೊಟ್ಟಾಕಿ ನೀನು.’

ಕೋಣೆಯಲ್ಲಿ ಇನ್ನೂ ಕೌದಿಗಳಿದ್ದವು, ಆಡಿದ ಮಾತು ಅಲ್ಲಲ್ಲೇ ಸಾಯುತ್ತಿತ್ತು.

‘ನನಗೂ ಮಕ್ಕಳದಾವ,’ ಎಂದರು ಆಮೇಲೆ, ಮೊದಲಿನ ಮೆಲು ದನಿಯಲ್ಲಿ. ‘ನಾವು ಕನ್ನಡದವ್ರು, ಮೊದಲ ಕಣ್ಣು ನಮ್ಮ ಮ್ಯಾಲ. ಎಮರ್ಜೆನ್ಸಿ ಐತಿ. ನಿನಗ ಅಡಚಣಿ ಆಗಬಾರದು ಅಂತ ನೇಸರೀಗೆ ಕಳಿಸಿದೆ. ಯು ಶುಡ್ ಥ್ಯಾಂಕ್ ಮಿ.’

ಸಿಟ್ಟಿಗೆದ್ದು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಉಪಕಾರ ಮಾಡಿದ್ದೇನೆ ಎಂದರು.

ಸೋಮವಾರ ಇಚಲಕರಂಜಿಯಲ್ಲಿ ಜಮಾವಬಂದಿಯ ಸೂಚನೆ ಸಾರಬೇಕಾಗಿತ್ತು. ಐದು ಜನ ಒಂದೆಡೆ ಕೂಡಬಾರದು, ಮೆರವಣಿಗೆ ತೆಗೆಯಬಾರದು. ಆರ್ಡರು ಆಗಷ್ಟೇ ಬಂದದ್ದರಿಂದ ಟೇಪು ಮಾಡಲು ಹೊತ್ತಿರಲಿಲ್ಲ, ನಾನೇ ಹೋಗಬೇಕಾಯಿತು. ಹೋಗಲೋ, ಚೀಟಿ ಬರೆದಿಟ್ಟು ಮನೆಗೆ ನಡೆಯಲೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಹೋದರೆ ಆ ಮಾತು ನನ್ನದಾಗಿಯೇ ಉಳಿಯುತ್ತದೆ. ಪಂಚಗಂಗೆಯ ಸೇತುವೆ ದಾಟುವಾಗ ನಿರ್ಧಾರವಾಯಿತು.

ಪಾಳಿ ಬಿಡುವ ಹೊತ್ತಿಗೆ ವ್ಯಾನು ಕಾಕೂನ ಓಣಿಯ ಬಾಯಿಯಲ್ಲಿ ನಿಂತಿತು. ಜನ ಹತ್ತಿರ ಬರಲಿಲ್ಲ, ಬಾಗಿಲುಗಳಲ್ಲೇ ನಿಂತರು. ಡ್ರೈವರ್ ತಲೆ ಆಡಿಸಿದ. ಜಮಾವಬಂದಿಯ ಆರ್ಡರನ್ನು ಒಂದಕ್ಷರ ಬಿಡದೆ ಹೇಳಿದೆ, ಅದು ಯಾರ ಹುಕುಮೆಂದು ಹೇಳಿದೆ. ನಿಲ್ಲಿಸಲಿಲ್ಲ.

‘ಶನಿವಾರದ ಟೇಪಿನ್ಯಾಗ ಹುಕುಂ ಹೇಳಿದ್ದಿಲ್ಲ. ಅದನ್ನ ಕತ್ತರಿಸ್ಯಾರ. ಮಾತಾಡಿದವರನ್ನ ಮುಟ್ಟೂದಿಲ್ಲ ಅಂತ ನನಗ ಟೆಲಿಫೋನಿನ್ಯಾಗ ಹೇಳಿದವರು ಇವರು.’ ದೊಡ್ಡ ಸಾಹೇಬರ ಹೆಸರು ಹೇಳಿದೆ, ಹುದ್ದೆ ಹೇಳಿದೆ. ‘ಕತ್ತರಿಸಿದವರು ಇವರು.’ ಪ್ರಚಾರದ ಸಾಹೇಬರ ಹೆಸರನ್ನೂ ಹೇಳಿದೆ. ‘ಆ ಮಾತಿನ ಹುಕುಂ ಇವರದ ಐತ್ರೆಪೋ.’

ಸ್ವಿಚ್ಚು ಡ್ರೈವರಿನ ಮೊಣಕೈ ಪಕ್ಕದಲ್ಲೇ ಇತ್ತು. ಅವನು ಕೈ ಎತ್ತಲಿಲ್ಲ. ನಾನು ಎರಡನೆಯ ಸಲ ಹೇಳಿ ಮುಗಿಸಿದ ಮೇಲೆ ಕೆಳಗೆ ಇಳಿದು ಬೀಡಿ ಹಚ್ಚಿದ. ಯಾಕೆ ಬಂದ್ ಮಾಡಲಿಲ್ಲ ಎಂದು ಕಚೇರಿಯಲ್ಲಿ ಕೇಳಿದಾಗ, ‘ನನಗ ಕನ್ನಡ ಅಷ್ಟ ತಿಳಿಯೂದಿಲ್ರಿ ಸಾಹೇಬ್ರ,’ ಎಂದನಂತೆ. ಅವನ ಊರು ಮರಾಠಿ ಕಡೆಯ ಹುಪರಿಯಾದರೂ ಅವ್ವ ಕನ್ನಡದ ಸಂಕೇಶ್ವರದವಳು.

ಅಂದು ಮೈಕಿನಲ್ಲಿ ಹೇಳಿದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಕ್ಕಳಿಗೆ ಇದರಿಂದ ಆಗಬೇಕಾದದ್ದೇನೂ ಇಲ್ಲ. ಅಂದು ಕೇಳಬೇಕಾದವರು ಕೇಳಿಸಿಕೊಂಡರು, ಅಷ್ಟೇ ನನಗೆ ಬೇಕಾಗಿದ್ದದ್ದು.

ನೌಕರಿ ಹೋಯಿತು. ನನ್ನನ್ನೂ ಡಿ.ಐ.ಆರ್.ನಲ್ಲಿ ಒಯ್ಯುತ್ತಾರೆಂದು ಅಪ್ಪ ಬಂದು ಕರೆದುಕೊಂಡು ಹೋದರು, ಒಯ್ಯಲಿಲ್ಲ. ಮಾರ್ಷಲ್ ಲಾ ಕೂಡ ಬರಲಿಲ್ಲ. ಬರುವ ಅಗತ್ಯವೇ ಬೀಳಲಿಲ್ಲವೆಂದು ಈಗ ಅನಿಸುತ್ತದೆ. ಯುದ್ಧ ಬೇಗನೆ ನಿಂತಿತು, ಎಮರ್ಜೆನ್ಸಿ ಮಾತ್ರ ವರ್ಷಗಟ್ಟಲೆ ನಿಲ್ಲಲಿಲ್ಲ. ಕಾಕಾನನ್ನು ಯಾವ ಕೋರ್ಟಿನ ಮುಂದೆಯೂ ನಿಲ್ಲಿಸದೆ ಬಹಳ ತಿಂಗಳು ಇಟ್ಟುಕೊಂಡು ಬಿಟ್ಟರು. ನೋಡಲು ಹೋದೆ. ಕಾಕೂ ಚಹಾ ಕೊಟ್ಟಳು, ಸಕ್ಕರೆಯದು, ಕಪ್ಪು-ಬಸಿಯಲ್ಲಿ, ಪರರ ಮನೆಯವರಿಗೆ ಕೊಡುವ ಹಾಗೆ. ಕಾಕಾ ಒಂದೇ ಮಾತು ಕೇಳಿದ: ‘ಮಶೀನ ಕೆಟ್ಟಿದ್ದಿಲ್ಲೇನು?’

‘ಇಲ್ಲ ಕಾಕಾ,’ ಎಂದೆ.

ಅವನು ತಲೆ ಆಡಿಸಿ ಗೋಡೆಯ ಕಡೆ ತಿರುಗಿದ.

ಗಡಹಿಂಗ್ಲಜದ ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಟೀಚರಾದೆ. ಪಾಕಿಸ್ತಾನದ ಜೊತೆ ಯುದ್ಧವಾದ ವರ್ಷ ಒಂದು ಸಂಜೆ ಅಪ್ಪನ ಅಂಗಡಿಯಲ್ಲಿ ಕೂತಿದ್ದಾಗ ಪೇಟೆಯ ತುದಿಯಿಂದ ಒಂದು ವ್ಯಾನು ಬಂತು. ‘ಕೇಳ್ರಿ, ಕೇಳ್ರಿ. ದೀಪಾ ಆರಸ್ರಿ. ಬಾಗಲಾ ಹಾಕ್ಕೋರಿ. ಅಂಜಬ್ಯಾಡ್ರಿ.’ ಅಪ್ಪ ಬೆಲ್ಲದ ಪೆಂಟೆಯ ಮೇಲಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಮೂರು ವರ್ಷದ ಹಿಂದಿನ ನನ್ನ ದನಿ. ಈಗಿನದಕ್ಕಿಂತ ತುಸು ತೆಳು, ಬಹಳ ಭರವಸೆಯದು.

ಆ ಬ್ಲ್ಯಾಕ್‌ಔಟ್ ಟೇಪಿನ ಕೊನೆಗೂ ನಾನು ಹುಕುಂ ಹೇಳಿದ್ದೆ. ಮೆಟ್ಟಿಲಿಗೆ ಬಂದು ನಿಂತು ಕಾದೆ. ಕರ್ ಎಂದಿತು, ಮತ್ತೆ ‘ಕೇಳ್ರಿ, ಕೇಳ್ರಿ’ ಶುರುವಾಯಿತು.

ವ್ಯಾನು ಅಂಗಡಿಯ ಮುಂದೆ ಬಂದಾಗ ಕೇಳಿದೆ: ‘ಯಾರ ಹುಕುಂ ಐತ್ರಿ ಇದು?’

ಡ್ರೈವರ್ ಹೊಸಬ. ಕಿಟಕಿಯಿಂದ ಮುಖ ಹೊರಗೆ ಹಾಕಿದ. ‘ಗೊತ್ತಿಲ್ರಿ ಬಾಯಾರ. ಟೇಪ್ ಹಚ್ಚು ಅಂದಾರ, ಹಚ್ಚೇನಿ.’

ವ್ಯಾನು ಮುಂದಿನ ಓಣಿಗೆ ತಿರುಗಿತು. ಒಂದೊಂದೇ ಮನೆಯ ದೀಪ ಆರುತ್ತ ಬಂತು. ಅಪ್ಪ ಎದ್ದು ನಮ್ಮ ಕಂದೀಲಿನ ಬತ್ತಿಯನ್ನು ಇಳಿಸಿದರು. ಕತ್ತಲೆಯಲ್ಲಿ ನನ್ನ ದನಿ ಆ ಓಣಿಯ ಜನರಿಗೆ ಅಂಜಬೇಡಿರೆಂದು ಹೇಳುತ್ತ ಹೋಗುವುದು ಬಹಳ ಹೊತ್ತು ಕೇಳಿಸುತ್ತಿತ್ತು.